ಎಲೆ ಸುಕ್ಕಾಗಿದೆ, ಹೂವೂ ಇದೆ: ಆರ್ಕಿಡ್ ಕುಂಡ ಈಗಲೇ ಬದಲಿಸಬೇಕಾ?

ಪ್ರಶ್ನೆ: ನನ್ನ ಹತ್ತಿರ ಒಂದು ಫಲನಾಪ್ಸಿಸ್ ಆರ್ಕಿಡ್ ಇದೆ. ತಂದು ಎರಡೂವರೆ ವರ್ಷ ಆಯಿತು, ಕುಂಡ ಒಮ್ಮೆಯೂ ಬದಲಿಸಿಲ್ಲ. ಈಚೆಗೆ ಕೆಳಗಿನ ಎಲೆಗಳು ಮೆತ್ತಗಾಗಿ ಸುಕ್ಕುಗಟ್ಟಿವೆ. ನೀರು ಸಾಲದೇನೋ ಅಂತ ಜಾಸ್ತಿ ಹಾಕಿದೆ, ಸರಿಹೋಗಲಿಲ್ಲ. ಕುಂಡದೊಳಗೆ ಮಣ್ಣಿನ ಬದಲು ತುಂಬಿರುವ ಮರದ ತೊಗಟೆ ಚೂರು ವಾರ ಕಳೆದರೂ ಒದ್ದೆಯಾಗಿಯೇ ಇರುತ್ತದೆ. ಐದಾರು ಬೇರು ಕುಂಡದ ಹೊರಗೆ ಚಾಚಿಕೊಂಡಿವೆ, ಎರಡರ ತುದಿ ಹಸಿರಾಗಿದೆ. ದಂಟಿನಲ್ಲಿ ಇನ್ನೂ ಮೂರು ಹೂ ಇವೆ. ಹೂ ಉದುರುವವರೆಗೆ ಕಾಯಬೇಕಾ? ದೊಡ್ಡ ಕುಂಡಕ್ಕೆ ಹಾಕಲಾ? ತೋಟದ ಮಣ್ಣು ಸ್ವಲ್ಪ ಬೆರೆಸಬಹುದಾ? ಒಂದು ಡೆಂಡ್ರೋಬಿಯಂ ಆರ್ಕಿಡ್ ಕೂಡ ಇದೆ, ಅದನ್ನೂ ಇದರ ಜೊತೆಗೇ ಮುಗಿಸಿಬಿಡಲಾ?

ಉತ್ತರ: ಕಾಯಬೇಡಿ. ಈ ವಾರವೇ ಬದಲಿಸಿ. ಹೂದಂಟನ್ನು ಕತ್ತರಿಸಿ ನೀರು ತುಂಬಿದ ಹೂದಾನಿಯಲ್ಲಿ ಇಟ್ಟುಕೊಳ್ಳಿ, ಅಲ್ಲಿಯೂ ಹೂ ಹಲವು ದಿನ ಚೆನ್ನಾಗಿರುತ್ತವೆ. ದೊಡ್ಡ ಕುಂಡ ಬೇಡ. ಮಣ್ಣಂತೂ ಬೇಡವೇ ಬೇಡ. ಡೆಂಡ್ರೋಬಿಯಂ ತಂಟೆಗೆ ಈಗಲೇ ಹೋಗಬೇಡಿ, ಅದರ ಲೆಕ್ಕ ಬೇರೆ, ಕೊನೆಗೆ ಹೇಳುತ್ತೇನೆ.

ಹೀಗೆ ಒಂದೇ ಮಾತಿನಲ್ಲಿ ಹೇಳಲು ಕಾರಣ ನಿಮ್ಮ ಪ್ರಶ್ನೆಯಲ್ಲೇ ಇದೆ. ಎಲೆ ಸುಕ್ಕಾಗಿದೆ, ಆದರೆ ತೊಗಟೆ ಒದ್ದೆಯಾಗಿದೆ. ಎಲೆ ಸುಕ್ಕಾಯಿತು ಅಂದರೆ ಗಿಡಕ್ಕೆ ನೀರು ಸಿಗುತ್ತಿಲ್ಲ ಅಂತ ಅರ್ಥ. ನೀರು ಸಿಗದೇ ಇರೋದಕ್ಕೆ ಎರಡು ಕಾರಣ ಇರಬಹುದು: ಒಂದೋ ನೀವು ಹಾಕುತ್ತಿಲ್ಲ, ಇಲ್ಲವೇ ಹಾಕಿದ್ದನ್ನು ಹೀರಿಕೊಳ್ಳೋಕೆ ಬೇರೇ ಉಳಿದಿಲ್ಲ. ಕುಂಡ ಹಗುರವಾಗಿದ್ದು ತೊಗಟೆ ಒಣಗಿದ್ದರೆ ಮೊದಲನೆಯದು, ನೀರು ಕೊಟ್ಟರೆ ಕ್ರಮೇಣ ಸರಿಹೋಗುತ್ತದೆ. ಕುಂಡ ಭಾರವಾಗಿದ್ದು, ಒಳಗೆ ಒದ್ದೆಯಿದ್ದು, ಆದರೂ ಎಲೆ ಜೋತುಬಿದ್ದಿದ್ದರೆ ಎರಡನೆಯದು. ನಿಮ್ಮದು ಎರಡನೆಯದು. ಇಂಥ ಗಿಡಕ್ಕೆ ಇನ್ನಷ್ಟು ನೀರು ಹಾಕಿದರೆ ಉಳಿದಿರುವ ನಾಲ್ಕು ಬೇರೂ ಹೋಗುತ್ತವೆ. ಎಲೆ ನೋಡಿ ನೀರು ಹಾಕುವವರೇ ಜಾಸ್ತಿ, ಹಾಗಾಗಿ ಬಾಯಾರಿ ಸಾಯುವ ಆರ್ಕಿಡ್‌ಗಿಂತ ಕೊಳೆತು ಸಾಯುವ ಆರ್ಕಿಡ್‌ಗಳೇ ಹೆಚ್ಚು.

ತಳದ ಎಲೆ ಒಂದೇ ಒಂದು ಹಳದಿಯಾಗಿ ಉದುರಿದರೆ ಗಾಬರಿ ಬೇಡ, ಅದು ವಯಸ್ಸಾದ ಎಲೆ.

ಬೇರು ಯಾಕೆ ಕೊಳೆಯುತ್ತದೆ ಅನ್ನೋದು ಗೊತ್ತಿದ್ದರೆ ಉಳಿದದ್ದೆಲ್ಲ ತಾನೇ ಅರ್ಥವಾಗುತ್ತದೆ. ಫಲನಾಪ್ಸಿಸ್ ನೆಲದಲ್ಲಿ ಬೆಳೆಯುವ ಗಿಡ ಅಲ್ಲ. ಕಾಡಿನಲ್ಲಿ ಮರದ ಕೊಂಬೆಗೆ ಬೇರು ಅಂಟಿಸಿಕೊಂಡು ನೇತಾಡುತ್ತಿರುತ್ತದೆ. ಮರದಿಂದ ಏನನ್ನೂ ಕಸಿದುಕೊಳ್ಳುವುದಿಲ್ಲ, ಅದು ಬದನಿಕೆ ಅಲ್ಲ. ಮಳೆ ಬಂದಾಗ ಬೇರು ತೊಯ್ಯುತ್ತದೆ, ಸ್ವಲ್ಪ ಹೊತ್ತಿಗೆ ಗಾಳಿಗೆ ಒಣಗುತ್ತದೆ. ಬೇರಿನ ಸುತ್ತ ವೆಲಮೆನ್ ಅನ್ನುವ ಬಿಳಿ ಹೊದಿಕೆ ಇರುತ್ತದೆ, ಸತ್ತ ಕೋಶಗಳದ್ದು, ಸ್ಪಂಜಿನ ಹಾಗೆ ನೀರು ಹಿಡಿದುಕೊಳ್ಳುತ್ತದೆ. ಒಣಗಿದಾಗ ಬೇರು ಬೆಳ್ಳಿ ಬೂದು ಬಣ್ಣಕ್ಕೆ ಕಾಣುವುದು, ನೀರು ಬಿದ್ದ ಕೂಡಲೇ ಹಸಿರಾಗುವುದು ಇದರಿಂದಲೇ. ಇಂಥ ಬೇರಿಗೆ ನೀರು ಎಷ್ಟು ಬೇಕೋ ಗಾಳಿಯೂ ಅಷ್ಟೇ ಬೇಕು. ಹೊಸ ತೊಗಟೆ ಚೂರುಗಳ ನಡುವೆ ಸಂದು ಇರುತ್ತದೆ, ಗಾಳಿ ಓಡಾಡುತ್ತದೆ. ವರ್ಷ ಒಂದೂವರೆ ವರ್ಷ ಕಳೆದ ಮೇಲೆ ಅದೇ ತೊಗಟೆ ಕೊಳೆತು ಪುಡಿಯಾಗಿ ಕುಸಿಯುತ್ತದೆ, ಸಂದು ಮುಚ್ಚುತ್ತದೆ, ನೀರು ಒಳಗೇ ನಿಲ್ಲುತ್ತದೆ. ಬೇರಿಗೆ ಉಸಿರುಗಟ್ಟುತ್ತದೆ. ಆಮೇಲೆ ಕೊಳೆ.

ಅಂದರೆ ಆರ್ಕಿಡ್‌ಗೆ ರೀಪಾಟಿಂಗ್ ಮಾಡೋದು ಕುಂಡ ಸಣ್ಣದಾಯಿತು ಅಂತ ಅಲ್ಲ. ಒಳಗಿನ ಮಿಶ್ರಣ ಹಳತಾಯಿತು ಅಂತ. ಬೇರೆ ಗಿಡ ಬೆಳೆಸಿ ರೂಢಿಯಾದವರಿಗೆ ಇದೊಂದು ತಲೆಗೆ ಹತ್ತೋದಿಲ್ಲ. ಗುಲಾಬಿಗೋ ದಾಸವಾಳಕ್ಕೋ ಕುಂಡ ಬದಲಿಸುವ ಲೆಕ್ಕ ಇಲ್ಲಿ ನಡೆಯಲ್ಲ.

ಬೇರು ಹೊರಗೆ ಚಾಚಿದ್ದು ಕೂಡ ಜಾಗ ಸಾಲದು ಅನ್ನುವ ಸೂಚನೆ ಅಲ್ಲ. ಫಲನಾಪ್ಸಿಸ್ ಬೇರು ಬಿಡುವುದೇ ಹಾಗೆ, ಗಾಳಿಗೆ. ಆರೋಗ್ಯವಾಗಿರುವ ಗಿಡಕ್ಕೂ ಹೊರಗೆ ನಾಲ್ಕು ಬೇರು ಇದ್ದೇ ಇರುತ್ತವೆ. ಆದರೆ ಹೊರಗಿನ ಬೇರೆಲ್ಲ ದಪ್ಪಗೆ ಚೆನ್ನಾಗಿದ್ದು ಒಳಗಿನವು ಕಂದಾಗಿ ಸೊರಗಿದ್ದರೆ, ಒಳಗೆ ಏನೋ ಕೆಟ್ಟಿದೆ ಅಂತ ತಿಳಿಯಬೇಕು. ಪಾರದರ್ಶಕ ಪ್ಲಾಸ್ಟಿಕ್ ಕುಂಡದಲ್ಲಿ ಬೆಳೆಸಿ ಅಂತ ನಾನು ಎಲ್ಲರಿಗೂ ಹೇಳೋದು ಇದಕ್ಕೇ, ಒಳಗೇನಾಗುತ್ತಿದೆ ಅಂತ ಕಣ್ಣಿಗೆ ಕಾಣುತ್ತದೆ ಅಲ್ವಾ.

ಇನ್ನು ಸಮಯದ ವಿಚಾರ. ತುರ್ತು ಇಲ್ಲದಿದ್ದರೆ ಹೂ ಮುಗಿಯುವವರೆಗೆ ಕಾಯೋದೇ ಸರಿ. ಮೊಗ್ಗು ಇದ್ದಾಗ ಬೇರು ಅಲುಗಾಡಿಸಿದರೆ ಮೊಗ್ಗು ಹಳದಿಯಾಗಿ ಉದುರಿಬಿಡುತ್ತದೆ. ಹೂ ಮುಗಿದ ತಕ್ಷಣ ಮಾಡಬೇಕು ಅಂತಲೂ ಇಲ್ಲ. ನೋಡಬೇಕಾದದ್ದು ಒಂದೇ: ಹೊಸ ಬೇರು. ಬುಡದಲ್ಲಿ ಹೊಸ ಬೇರು ಮೂಡಿ ತುದಿ ಹಸಿರಾಗಿಯೋ ಕೆಂಗಂದಾಗಿಯೋ ಹೊಳೆಯುತ್ತಿದ್ದರೆ ಗಿಡ ಬೆಳೆಯುವ ಹುರುಪಿನಲ್ಲಿದೆ ಅಂತ ಅರ್ಥ. ಆಗ ಬದಲಿಸಿದರೆ ಆ ಬೇರುಗಳು ನೇರವಾಗಿ ಹೊಸ ತೊಗಟೆಯೊಳಗೆ ಇಳಿಯುತ್ತವೆ, ಗಿಡಕ್ಕೆ ಕುಂಡ ಬದಲಾಯಿತು ಅನ್ನೋದೇ ಗೊತ್ತಾಗೋದಿಲ್ಲ. ಅದೇ ಬೇರು ಸುಮ್ಮನಿರುವ ಚಳಿಗಾಲದಲ್ಲಿ ಮಾಡಿದರೆ ತಿಂಗಳುಗಟ್ಟಲೆ ಮುನಿಸಿಕೊಂಡು ಕೂರುತ್ತದೆ. ತೀರಾ ತಡವಾದರೂ ಕಷ್ಟ, ಬೇರು ಗೇಣುದ್ದ ಬೆಳೆದ ಮೇಲೆ ಮಾಡಿದರೆ ಎಳೆಯ ತುದಿಗಳು ಮುರಿಯುತ್ತವೆ. ಮುರಿದ ತುದಿ ಮತ್ತೆ ಬೆಳೆಯೋದಿಲ್ಲ, ಅದೃಷ್ಟವಿದ್ದರೆ ಹಿಂದಿನಿಂದ ಕವಲು ಒಡೆಯಬಹುದು ಅಷ್ಟೇ. ಒಂದೆರಡು ಸೆಂಟಿಮೀಟರ್ ಇದ್ದಾಗ ಹಿಡಿಯಿರಿ. ನಿಮ್ಮ ಗಿಡದಲ್ಲಿ ಎರಡು ಬೇರಿನ ತುದಿ ಹಸಿರಾಗಿದೆ ಅಂದಿದ್ದೀರಿ. ಒಳ್ಳೆಯದೇ ಆಯಿತು, ತುರ್ತಿಗೆ ಮಾಡುವ ಕೆಲಸ ಸಮಯಕ್ಕೂ ಸರಿಯಾಗಿ ಬಂದಿದೆ.

ಎಷ್ಟು ವರ್ಷಕ್ಕೊಮ್ಮೆ ಅಂತ ಕೇಳಿದರೆ, ತೊಗಟೆಯಲ್ಲಿರುವ ಫಲನಾಪ್ಸಿಸ್‌ಗೆ 1ರಿಂದ 2 ವರ್ಷ. ಬರೀ ಒಣಗಿಸಿದ ಪಾಚಿ, ಅಂದರೆ ಸ್ಫ್ಯಾಗ್ನಮ್ ಮಾಸ್‌ನಲ್ಲಿದ್ದರೆ ಇನ್ನೂ ಬೇಗ ನೋಡಿಕೊಳ್ಳಬೇಕು. ಪಾಫಿಯೋಪೆಡಿಲಮ್ ಅನ್ನುವ ಆರ್ಕಿಡ್‌ಗೆ ಹಳಸಿದ ಮಿಶ್ರಣ ಸ್ವಲ್ಪವೂ ಆಗೋದಿಲ್ಲ, ವರ್ಷಕ್ಕೊಮ್ಮೆ ಬದಲಿಸಿದರೂ ಬೇಸರ ಮಾಡಿಕೊಳ್ಳಲ್ಲ. ವಾಂಡಾ ಆರ್ಕಿಡ್ ಪೂರ್ತಿ ಉಲ್ಟಾ, ಬುಟ್ಟಿಯಲ್ಲಿ ಬರಿ ಬೇರಿನಲ್ಲಿ ನೇತಾಡುವ ಗಿಡ, ಬೇರು ಕದಲಿಸಿದರೆ ಸಿಟ್ಟು. ಬುಟ್ಟಿ ಹಳೆಯದಾದರೆ ಬುಟ್ಟಿ ಸಮೇತ ಎತ್ತಿ ದೊಡ್ಡ ಬುಟ್ಟಿಯೊಳಗೆ ಇಡಿ, ಬಿಡಿಸಲು ಹೋಗಬೇಡಿ.

ಕುಂಡ. ಇಲ್ಲಿ ಸ್ವಲ್ಪ ಜಾಸ್ತಿ ಹೇಳಬೇಕು, ಯಾಕೆಂದರೆ ಹೆಚ್ಚಿನವರು ಎಡವುವುದೇ ಇಲ್ಲಿ. ಆರ್ಕಿಡ್ ಕುಂಡವನ್ನು ಎಲೆಯ ಹರವು ನೋಡಿ ಆರಿಸಬಾರದು, ಬೇರಿನ ಗಾತ್ರ ನೋಡಿ ಆರಿಸಬೇಕು. ಕೊಳೆತದ್ದನ್ನೆಲ್ಲ ಕತ್ತರಿಸಿದ ಮೇಲೆ ಉಳಿದ ಬೇರು ಒಂದು ಹಿಡಿಯಷ್ಟಿದ್ದರೆ ಕುಂಡವೂ ಒಂದು ಹಿಡಿಯಷ್ಟೇ. ಎಷ್ಟೋ ಸಲ ಇದ್ದದ್ದಕ್ಕಿಂತ ಸಣ್ಣ ಕುಂಡಕ್ಕೆ ಹೋಗಬೇಕಾಗುತ್ತದೆ, ನಿಮ್ಮದೂ ಹಾಗೇ ಆಗಬಹುದು. ದೊಡ್ಡ ಕುಂಡದಲ್ಲಿ ಬೇರು ತಲುಪದ ತೊಗಟೆ ಜಾಸ್ತಿ ಇರುತ್ತದೆ, ಅದು ಒಣಗೋಕೆ ದಿನಗಟ್ಟಲೆ ಬೇಕು, ನಡುಭಾಗ ಸದಾ ಒದ್ದೆ. ಈಗಾಗಲೇ ಕೊಳೆತ ಗಿಡಕ್ಕೆ ಮತ್ತೆ ಅದೇ ಗತಿ ತಂದ ಹಾಗಾಗುತ್ತದೆ. ತಳದಲ್ಲಿ ಮತ್ತು ಬದಿಯಲ್ಲಿ ತೂತು ಚೆನ್ನಾಗಿರಲಿ. ತೂತಿಲ್ಲದ ಚಂದದ ಪಿಂಗಾಣಿ ಕುಂಡ ಇದ್ದರೆ ಹೊರ ಕವಚವಾಗಿ ಬಳಸಿ, ಆದರೆ ನೀರು ಹಾಕಿದ ಮೇಲೆ ತಳದಲ್ಲಿ ನಿಂತದ್ದನ್ನು ಚೆಲ್ಲಿ. ಮಣ್ಣಿನ ಕುಂಡ ಬೇಗ ಒಣಗುತ್ತದೆ, ನೀರು ಹಾಕುವ ಕೈ ಸ್ವಲ್ಪ ಧಾರಾಳ ಇರುವವರಿಗೆ ಅದೇ ವಾಸಿ.

ಮಿಶ್ರಣದ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ. ಅಷ್ಟೇನೂ ಇಲ್ಲ. ದೊಡ್ಡ ಗಿಡಕ್ಕೆ ಒಂದೂವರೆ ಸೆಂಟಿಮೀಟರ್ ಆಸುಪಾಸಿನ ಪೈನ್ ತೊಗಟೆ ಚೂರು, ಜೊತೆಗೆ ಒಂದಿಷ್ಟು ಇದ್ದಿಲು ಚೂರು, ಬೇಕಿದ್ದರೆ ಸ್ವಲ್ಪ ಪರ್ಲೈಟ್ ಅನ್ನುವ ಹಗುರವಾದ ಬಿಳಿ ಹರಳು. ಸಾಕು. ತೊಗಟೆಯನ್ನು ರಾತ್ರಿಯಿಡೀ ನೀರಲ್ಲಿ ನೆನೆಹಾಕಿ, ಒಣ ತೊಗಟೆ ನೀರನ್ನು ಹಿಡಿಯುವುದೇ ಇಲ್ಲ, ಹಾಕಿದ್ದೆಲ್ಲ ಜಾರಿ ಹೋಗುತ್ತದೆ. ತೆಂಗಿನ ಸಿಪ್ಪೆಯ ಚೂರೂ ನಡೆಯುತ್ತದೆ, ಆದರೆ ಅದರಲ್ಲಿ ಉಪ್ಪಿನಂಶ ಇರುತ್ತದೆ, ಎರಡು ಮೂರು ಸಲ ನೀರು ಬದಲಿಸಿ ನೆನೆಸಿ ತೊಳೆಯದೆ ಬಳಸಬೇಡಿ. ಪುಡಿ ಬಂದರೆ ಜರಡಿ ಹಿಡಿದು ತೆಗೆದುಬಿಡಿ. ತೋಟದ ಮಣ್ಣು, ಕಾಂಪೋಸ್ಟ್, ತೆಂಗಿನ ನಾರಿನ ಪುಡಿ ಕೋಕೊಪೀಟ್ ಇವೆಲ್ಲ ಗಾಳಿಯ ಸಂದನ್ನು ಮುಚ್ಚುವಂಥವು. ಒಂದು ಹಿಡಿ ಹಾಕಿದರೆ ಏನಾಗುತ್ತದೆ ಅಂತ ಕೇಳಬೇಡಿ, ಆ ಹಿಡಿಯೇ ಸಂದು ತುಂಬುವುದು.

ಕತ್ತರಿ ಶುದ್ಧವಾಗಿರಬೇಕು. ಇದನ್ನು ಶಾಸ್ತ್ರಕ್ಕೆ ಹೇಳುತ್ತಿಲ್ಲ. ಸಿಂಬಿಡಿಯಂ ಮೊಸಾಯಿಕ್ ವೈರಸ್, ಒಡೊಂಟೊಗ್ಲಾಸಮ್ ರಿಂಗ್‌ಸ್ಪಾಟ್ ವೈರಸ್ ಅಂತ ಎರಡಿವೆ, ಕತ್ತರಿಗೆ ಅಂಟಿದ ರಸದಿಂದಲೇ ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುತ್ತವೆ, ಬಂದ ಮೇಲೆ ಔಷಧಿ ಇಲ್ಲ. ಬ್ಲೇಡನ್ನು ಬೆಂಕಿಯಲ್ಲಿ ಚೆನ್ನಾಗಿ ಕಾಯಿಸಿ ತಣಿಸಿಕೊಳ್ಳಿ, ಅಥವಾ ಗಿಡಕ್ಕೊಂದು ಹೊಸ ಬ್ಲೇಡ್ ಬಳಸಿ. ಸ್ಪಿರಿಟ್‌ನಲ್ಲಿ ಒರೆಸಿದರೆ ಬ್ಯಾಕ್ಟೀರಿಯಾ ಹೋದೀತು, ವೈರಸ್ ವಿಷಯದಲ್ಲಿ ಅದನ್ನು ನೆಚ್ಚಿಕೊಳ್ಳಬೇಡಿ. ಹಳೇ ಕುಂಡವನ್ನೇ ಮತ್ತೆ ಬಳಸುವುದಾದರೆ ಉಜ್ಜಿ ತೊಳೆದು, 1 ಪಾಲು ಬ್ಲೀಚ್‌ಗೆ 9 ಪಾಲು ನೀರು ಬೆರೆಸಿ ಅರ್ಧ ಗಂಟೆ ಮುಳುಗಿಸಿಟ್ಟು, ಆಮೇಲೆ ಚೆನ್ನಾಗಿ ಜಾಲಿಸಿ.

ಈಗ ಕೆಲಸ. ಹಿಂದಿನ ದಿನ ಗಿಡಕ್ಕೆ ನೀರು ಕೊಡಿ, ಒಣಗಿದ ಬೇರು ಗಟ್ಟಿಯಾಗಿ ಪಟ್ಟನೆ ಮುರಿಯುತ್ತದೆ, ತೊಯ್ದದ್ದು ಬಾಗುತ್ತದೆ. ನಿಮ್ಮದರಲ್ಲಿ ಒಳಗೆ ಒದ್ದೆಯೇ ಇದೆ, ಹೊರಗಿನ ಬೇರಿಗಷ್ಟೇ ನೀರು ಚಿಮುಕಿಸಿದರೆ ಆಯಿತು. ಪ್ಲಾಸ್ಟಿಕ್ ಕುಂಡವನ್ನು ಸುತ್ತಲೂ ಹಿಚುಕಿ ಸಡಿಲಿಸಿ. ಬರದಿದ್ದರೆ ಕುಂಡವನ್ನೇ ಕತ್ತರಿಸಿ, ಗಿಡವನ್ನು ಎಳೆಯಬೇಡಿ. ಹೊರಬಂದ ಮೇಲೆ ಬೆರಳಿನಲ್ಲಿ ಹಳೇ ತೊಗಟೆಯನ್ನೆಲ್ಲ ಬಿಡಿಸಿ, ಉಗುರು ಬೆಚ್ಚಗಿನ ನೀರಿನಲ್ಲಿ ಬೇರು ತೊಳೆಯಿರಿ. ಜೀವಂತ ಬೇರಿಗೆ ಗಟ್ಟಿಯಾಗಿ ಅಂಟಿಕೊಂಡ ಒಂದೆರಡು ಚೂರನ್ನು ಅಲ್ಲೇ ಬಿಡಿ, ಕಿತ್ತರೆ ಬೇರಿನ ಸಿಪ್ಪೆ ಸುಲಿಯುತ್ತದೆ.

ತೊಳೆಯುವಾಗ ಬುಡದ ನಡುವೆ ಕೈಯಾಡಿಸಿ ನೋಡಿ. ನರ್ಸರಿಯಲ್ಲಿ ಎಳೆ ಸಸಿಯಾಗಿದ್ದಾಗ ಹಾಕಿದ ಮಾಸ್‌ನ ಗಟ್ಟಿ ಉಂಡೆ ಎಷ್ಟೋ ಗಿಡಗಳಲ್ಲಿ ಹಾಗೇ ಉಳಿದಿರುತ್ತದೆ. ಒಮ್ಮೊಮ್ಮೆ ಅದಕ್ಕೆ ಪ್ಲಾಸ್ಟಿಕ್ ಬಲೆ ಬೇರೆ ಸುತ್ತಿರುತ್ತದೆ. ಸುತ್ತಲಿನ ತೊಗಟೆ ಒಣಗಿದರೂ ಈ ಉಂಡೆ ಹಸಿಯಾಗಿಯೇ ಇರುತ್ತದೆ, ಕೊಳೆ ಶುರುವಾಗುವುದು ಇಲ್ಲಿಂದಲೇ. ನಿಮ್ಮದು ಎರಡೂವರೆ ವರ್ಷದಿಂದ ಬಿಚ್ಚದ ಕುಂಡ, ಇದ್ದರೆ ಆಶ್ಚರ್ಯ ಇಲ್ಲ. ಇಕ್ಕುಳದಲ್ಲಿ ಸ್ವಲ್ಪ ಸ್ವಲ್ಪವೇ ಕಿತ್ತು ತೆಗೆಯಿರಿ, ಬಲೆ ಇದ್ದರೆ ಕತ್ತರಿಸಿ. ಸಮಯ ಹಿಡಿಯುತ್ತದೆ, ಹಿಡಿಯಲಿ.

ಆಮೇಲೆ ಬೇರುಗಳನ್ನು ಒಂದೊಂದಾಗಿ ಎರಡು ಬೆರಳ ನಡುವೆ ಒತ್ತಿ. ಬಣ್ಣ ನೋಡಿ ತೀರ್ಮಾನಿಸಬೇಡಿ, ತೊಗಟೆಯ ಕರೆ ಹತ್ತಿ ಒಳ್ಳೆ ಬೇರೂ ಕಂದಾಗಿರುತ್ತದೆ, ಬೆಳಕು ಕಾಣದ್ದು ಹಳದಿಯಾಗಿರುತ್ತದೆ. ಒತ್ತಿದಾಗ ಗಟ್ಟಿಯಾಗಿದ್ದರೆ ಜೀವ ಇದೆ, ಮುಟ್ಟಬೇಡಿ. ಪಿಚಕ್ಕನೆ ನೀರು ಬಂದು ಚಪ್ಪಟೆಯಾದರೆ, ಅಥವಾ ಒಳಗೆ ಪೊಳ್ಳಾಗಿದ್ದು ಮೇಲಿನ ಸಿಪ್ಪೆ ಜಾರಿ ಸಣ್ಣ ಎಳೆಯೊಂದೇ ಕೈಗೆ ಬಂದರೆ ಅದು ಸತ್ತದ್ದು. ಗಟ್ಟಿ ಭಾಗ ಸಿಗುವವರೆಗೆ ಕತ್ತರಿಸಿ. ಅರ್ಧ ಬೇರು ಚೆನ್ನಾಗಿದ್ದರೆ ಆ ಅರ್ಧವನ್ನು ಉಳಿಸಿ. ಅನುಮಾನ ಬಂದರೂ ಉಳಿಸಿ. ಬುಡದ ಕೆಳಗೆ ಒಣಗಿದ ಹಳೇ ಕಾಂಡದ ಗೂಟ ಉದ್ದಕ್ಕೆ ಇದ್ದು ಅದರಲ್ಲಿ ಬೇರೇ ಇಲ್ಲದಿದ್ದರೆ ಅದನ್ನೂ ಮೊಟಕು ಮಾಡಬಹುದು.

ಕತ್ತರಿಸಿದ ಜಾಗಕ್ಕೆ ಅಡುಗೆಯ ಚಕ್ಕೆ (ದಾಲ್ಚಿನ್ನಿ) ಪುಡಿ ಹಚ್ಚಿ ಅಂತ ಎಲ್ಲರೂ ಹೇಳುತ್ತಾರೆ. ಹಚ್ಚಬಹುದು, ಗಾಯದ ಬಾಯಿಗೆ ಮಾತ್ರ. ಚಕ್ಕೆ ಪುಡಿ ತೇವ ಎಳೆದು ಒಣಗಿಸುತ್ತದೆ, ಬೇರಿನ ಮೇಲೆಲ್ಲ ಉದುರಿಸಿದರೆ ಇದ್ದ ಬೇರೂ ಒಣಗುತ್ತದೆ. ಹೈಡ್ರೋಜನ್ ಪೆರಾಕ್ಸೈಡ್ ಸುರಿದು ನೊರೆ ನೋಡುವ ಚಟ ಕೂಡ ಕೆಲವರಿಗಿದೆ, ನನಗಂತೂ ಅದರ ಅಗತ್ಯ ಕಾಣುವುದಿಲ್ಲ, ಎಳೆ ಬೇರಿಗೆ ಅದರಿಂದ ಪೆಟ್ಟೇ ಜಾಸ್ತಿ.

ಕೂರಿಸುವಾಗ ಎತ್ತರ ಮುಖ್ಯ. ಎಲ್ಲಕ್ಕಿಂತ ಕೆಳಗಿನ ಎಲೆಯ ಬುಡ ತೊಗಟೆಯ ಮಟ್ಟಕ್ಕೆ ಸರಿಯಾಗಿ ಬರಬೇಕು. ಸುಳಿ ಯಾವ ಕಾರಣಕ್ಕೂ ಮುಚ್ಚಬಾರದು, ಅಲ್ಲಿ ನೀರು ನಿಂತು ಸುಳಿ ಕೊಳೆತರೆ ಫಲನಾಪ್ಸಿಸ್ ಕಥೆ ಹೆಚ್ಚುಕಡಿಮೆ ಮುಗಿದ ಹಾಗೆ. ಗಿಡವನ್ನು ಸ್ವಲ್ಪ ಓರೆಯಾಗಿ ಇಟ್ಟರೂ ಪರವಾಗಿಲ್ಲ, ಕಾಡಿನಲ್ಲಿ ಅದು ಓರೆಯಾಗಿಯೇ ಇರುವುದು, ನೀರು ಜಾರಿ ಹೋಗುತ್ತದೆ. ಹೊರಗಿನ ಬೇರುಗಳನ್ನು ಒತ್ತಾಯದಿಂದ ಒಳಗೆ ತುರುಕಬೇಡಿ. ನೆನೆದು ತಾವಾಗಿ ಬಾಗಿದರೆ ಸೇರಿಸಿ, ಇಲ್ಲದಿದ್ದರೆ ಹೊರಗೇ ಇರಲಿ, ಹೊರಗಿನ ಗಾಳಿಗೆ ಪಳಗಿದವು ಅವು. ಗಿಡವನ್ನು ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಯಲ್ಲಿ ತೊಗಟೆ ತುಂಬುತ್ತಾ ಕುಂಡದ ಬದಿಗೆ ತಟ್ಟಿ, ಚೂರುಗಳು ಬೇರಿನ ನಡುವೆ ಇಳಿಯುತ್ತವೆ. ಕೊನೆಗೆ ಎಲೆ ಹಿಡಿದು ಮೆಲ್ಲಗೆ ಅಲುಗಿಸಿ ನೋಡಿ. ಅಲುಗಾಡಿದರೆ ಒಂದು ಕಡ್ಡಿ ನೆಟ್ಟು ಕಟ್ಟಿ. ಗಿಡ ಓಲಾಡುತ್ತಿದ್ದರೆ ಹೊಸ ಬೇರಿನ ತುದಿ ತೊಗಟೆಗೆ ಉಜ್ಜಿ ಉಜ್ಜಿ ಹಾಳಾಗುತ್ತದೆ.

ಬಿಚ್ಚಿ ನೋಡಿದಾಗ ಒಂದೆರಡೇ ಬೇರು ಉಳಿದಿದ್ದರೆ? ಆಗಲೂ ಎಸೆಯಬೇಡಿ. ತೀರಾ ಸಣ್ಣ ಕುಂಡಕ್ಕೆ ನೆನೆಸಿ ಹಿಂಡಿದ ಸ್ಫ್ಯಾಗ್ನಮ್ ಮಾಸ್ ಸಡಿಲವಾಗಿ ತುಂಬಿ ಕೂರಿಸಿ, ನಾಲ್ಕಾರು ತೂತು ಮಾಡಿದ ದೊಡ್ಡ ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಇಟ್ಟು ಬೆಳಕಿರುವ, ಬಿಸಿಲು ಬೀಳದ ಜಾಗದಲ್ಲಿಡಿ. ಚೀಲದೊಳಗಿನ ತೇವಕ್ಕೆ ಎಲೆಯಿಂದ ನೀರು ಹೋಗುವುದು ಕಡಿಮೆಯಾಗುತ್ತದೆ, ಅಷ್ಟರಲ್ಲಿ ಹೊಸ ಬೇರು ಬರಬೇಕು. ಬಿಸಿಲಿಗೆ ಇಟ್ಟರೆ ಬೆಂದುಹೋಗುತ್ತದೆ. ಇದು ತಿಂಗಳುಗಟ್ಟಲೆಯ ಕೆಲಸ, ಆದರೆ ಸುಳಿ ಹಸಿರಾಗಿರುವವರೆಗೆ ಕೈಬಿಡಬೇಡಿ.

ಕುಂಡ ಬದಲಿಸಿದ ಮೇಲೆ ನೀರು ಯಾವಾಗ ಅನ್ನೋದಕ್ಕೆ ಬೆಳೆಗಾರರಲ್ಲೇ ಒಮ್ಮತ ಇಲ್ಲ. ನಾನು ಹೇಳೋದು ಇಷ್ಟು: ಹೆಚ್ಚು ಕತ್ತರಿಸಿಲ್ಲದಿದ್ದರೆ ಅದೇ ದಿನ ಹಾಕಿ. ನಿಮ್ಮ ಗಿಡದ ಹಾಗೆ ಬಹಳ ಕತ್ತರಿಸಬೇಕಾಗಿ ಬಂದರೆ ಮೂರು ನಾಲ್ಕು ದಿನ ಬಿಡಿ, ಗಾಯ ಒಣಗಲಿ, ಬೆಳಗ್ಗೆ ಹೊತ್ತು ಹೊರಗಿನ ಬೇರಿಗೆ ನೀರು ಚಿಮುಕಿಸಿದರೆ ಸಾಕು. ಆಮೇಲೆ ಕುಂಡ ಎತ್ತಿ ನೋಡಿ ಹಗುರಾದಾಗ ಪೂರ್ತಿ ತೊಯ್ಯುವ ಹಾಗೆ ಹಾಕಿ. ಹೊಸ ತೊಗಟೆ ಹಳೆಯದಕ್ಕಿಂತ ಬೇಗ ಒಣಗುತ್ತದೆ, ಹಳೇ ಲೆಕ್ಕ ಮರೆತುಬಿಡಿ. ಗೊಬ್ಬರ ಒಂದು ತಿಂಗಳು ಬೇಡ, ಆಮೇಲೂ ಪೊಟ್ಟಣದ ಮೇಲೆ ಹೇಳಿದ್ದರ ಅರ್ಧಕ್ಕಿಂತ ಜಾಸ್ತಿ ಬೇಡ. ಸುಕ್ಕಾದ ಹಳೇ ಎಲೆ ಪೂರ್ತಿ ನೆಟ್ಟಗಾಗುತ್ತದೆ ಅಂತ ಕಾಯಬೇಡಿ, ಎಷ್ಟೋ ಸಲ ಆಗೋದಿಲ್ಲ. ಹೊಸ ಎಲೆ ಗಟ್ಟಿಯಾಗಿ ಬಂದರೆ ಗಿಡ ಸುಧಾರಿಸಿದೆ ಅಂತ ಲೆಕ್ಕ.

ಡೆಂಡ್ರೋಬಿಯಂ ವಿಷಯ. ಅದು ಫಲನಾಪ್ಸಿಸ್ ಹಾಗೆ ಒಂದೇ ಸುಳಿಯಲ್ಲಿ ಮೇಲಕ್ಕೆ ಬೆಳೆಯೋದಲ್ಲ, ಬುಡದಿಂದ ಪಕ್ಕಕ್ಕೆ ಹೊಸ ಹೊಸ ಕಾಂಡ ಬಿಡುತ್ತಾ ಹೋಗುತ್ತದೆ. ಹೊಸ ಕಾಂಡ ಮೂಡಿ ಅದರ ಬುಡದಲ್ಲಿ ಬೇರು ಇಣುಕುವವರೆಗೆ ಕಾಯಿರಿ. ಇಕ್ಕಟ್ಟಾದ ಕುಂಡ ಅದಕ್ಕೆ ಇಷ್ಟ, ಕಾಂಡ ಉದ್ದವಾಗಿ ಕುಂಡ ಮಗುಚಿಬೀಳುವ ಹಾಗಿದ್ದರೆ ದೊಡ್ಡ ಕುಂಡ ಹುಡುಕುವ ಬದಲು ಇದ್ದ ಕುಂಡವನ್ನೇ ಭಾರವಾದ ಇನ್ನೊಂದರೊಳಗೆ ನಿಲ್ಲಿಸಿ. ಬದಲಿಸುವಾಗ ಹಳೇ ಕಾಂಡಗಳನ್ನು ಕುಂಡದ ಅಂಚಿಗೆ ತಾಗಿಸಿ, ಹೊಸದು ಬೆಳೆಯುವ ಕಡೆ ಜಾಗ ಬಿಡಿ, ಇನ್ನೆರಡು ವರ್ಷದ ಬೆಳವಣಿಗೆಗೆ ಸಾಕಾಗುವಷ್ಟು. ಎಲೆ ಉದುರಿ ಬೋಳಾದ ಕಾಂಡ ಸತ್ತಿದೆ ಅಂತ ಕತ್ತರಿಸಬೇಡಿ, ಗಟ್ಟಿಯಾಗಿದ್ದರೆ ಗಿಡದ ನೀರು, ಆಹಾರ ಎಲ್ಲ ಅದರಲ್ಲೇ ಇರುತ್ತದೆ, ಕೆಲವು ಜಾತಿಗಳು ಹೂ ಬಿಡುವುದೂ ಅದರಲ್ಲೇ. ಇಬ್ಭಾಗ ಮಾಡುವ ಆಸೆ ಇದ್ದರೆ ಒಂದೊಂದು ಪಾಲಿಗೂ ಕನಿಷ್ಠ 3 ಕಾಂಡ ಇರಲಿ. ಕಾಂಡದ ಮೇಲ್ಗಡೆ ಮರಿಗಿಡ ಹುಟ್ಟಿದ್ದರೆ ಅದರ ಬೇರು 5 ಸೆಂಟಿಮೀಟರ್ ದಾಟಿದ ಮೇಲೆ ಬೇರ್ಪಡಿಸಿ ಸಣ್ಣ ಕುಂಡದಲ್ಲಿ ನೆಡಿ, ಅದಕ್ಕೆ ಮುಂಚೆ ಬೇಡ.